ಚುಕ್ಕಿ, ಎಳೆ, ಸೂತ್ರ: ರಂಗೋಲಿಯ ಗಣಿತ ಹಾಗೂ ಫಂಕ್ಷನಲ್ ಪ್ರೋಗ್ರಾಮಿಂಗ್

ಜಾನಪದ ಅಧ್ಯಯನದಲ್ಲಿ ರಂಗೋಲಿಯನ್ನು ಚಿತ್ರವೆಂದು ಪರಿಗಣಿಸುವುದು ರೂಢಿ. ಹಬ್ಬ, ವ್ರತ, ಮಾಸಗಳಿಗೆ ಅನುಗುಣವಾಗಿ ರಂಗೋಲಿಗಳನ್ನು ವರ್ಗೀಕರಿಸುವುದು, ಅವುಗಳಲ್ಲಿ ಬರುವ ತಾವರೆ, ಶಂಖ, ಗಿಳಿ, ತೊಟ್ಟಿಲುಗಳ ಸಾಂಕೇತಿಕ ಅರ್ಥವನ್ನು ವಿವರಿಸುವುದು, ಪೂರ್ಣಗೊಂಡ ಆಕೃತಿಯನ್ನು ಛಾಯಾಚಿತ್ರದಲ್ಲಿ ಇಲ್ಲವೆ ಗೆರೆಚಿತ್ರದಲ್ಲಿ ಹಿಡಿದಿಡುವುದು, ಇವಿಷ್ಟು ನಮ್ಮ ಬಹುಪಾಲು ಸಂಗ್ರಹಗಳ ಸ್ವರೂಪ. ಆದರೆ ರಂಗೋಲಿ ಹಾಕುವವರ ಬಾಯಲ್ಲಿ ಅದು ಮೊದಲು ಚಿತ್ರವಾಗಿ ಬರುವುದಿಲ್ಲ. ‘ಹದಿನೈದರಿಂದ ಎಂಟು, ಸಂದು ಚುಕ್ಕಿ’ ಎಂಬ ಮಾತಾಗಿ ಬರುತ್ತದೆ. ಯಲಹಂಕದ ಹಳೆಯ ಊರಿನ ಬೀದಿಗಳಲ್ಲಿ ಒಬ್ಬ ಗೃಹಿಣಿ ಎದುರುಮನೆಯ ಹುಡುಗಿಗೆ ಹೊಸ ರಂಗೋಲಿಯೊಂದನ್ನು ಹೇಳಿಕೊಡುವಾಗ ಕಾಗದ ತೆರೆಯಬೇಕಾದ ಅಗತ್ಯವೇ ಬೀಳುವುದಿಲ್ಲ. ಎರಡು ಸಂಖ್ಯೆ, ಚುಕ್ಕಿ ಇಡುವ ಕ್ರಮದ ಒಂದು ಹೆಸರು, ಎಳೆ ತಿರುಗಿಸುವ ಒಂದೆರಡು ಸೂಚನೆ ಇಷ್ಟರಲ್ಲಿ ಅಂಗಳ ತುಂಬುವ ಆಕೃತಿಯೊಂದು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಬಿಡುತ್ತದೆ. ದಾಟಿದ್ದು ಚಿತ್ರವಲ್ಲ, ಚಿತ್ರವನ್ನು ಹುಟ್ಟಿಸುವ ಸೂತ್ರ.

ಕಂಪ್ಯೂಟರ್ ವಿಜ್ಞಾನದಲ್ಲಿ ‘ಫಂಕ್ಷನಲ್ ಪ್ರೋಗ್ರಾಮಿಂಗ್’ ಎಂದು ಕರೆಯಲಾಗುವ ಪದ್ಧತಿಯ ಹಿಂದಿರುವ ಗಣಿತ ರಚನೆಗಳನ್ನು ಈ ಸೂತ್ರದ ನೆರವಿನಿಂದ ವಿವರಿಸುವುದು, ಆ ವಿವರಣೆಯ ಬೆಳಕಿನಲ್ಲಿ ನಮ್ಮ ದಾಖಲಾತಿ ಕ್ರಮವನ್ನು ಮರುಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆರಂಭದಲ್ಲಿಯೇ ಪರಿಭಾಷೆಯ ಒಂದು ತೊಡಕನ್ನು ನಿವಾರಿಸಿಕೊಳ್ಳಬೇಕು. ಜಾನಪದ ವಿದ್ಯಾರ್ಥಿಗಳಿಗೆ ‘ಫಂಕ್ಷನ್’ ಎಂದೊಡನೆ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಗುರುತಿಸಿದ ಕಥೆಯ 31 ಕ್ರಿಯಾಘಟಕಗಳು ನೆನಪಾಗುತ್ತವೆ. ಇಲ್ಲವೆ ವಿಲಿಯಂ ಬ್ಯಾಸ್ಕಂ 1954ರಲ್ಲಿ ಚರ್ಚಿಸಿದ ಜಾನಪದದ ನಾಲ್ಕು ಕಾರ್ಯಗಳು. ಇಲ್ಲಿ ಆ ಶಬ್ದವನ್ನು ಗಣಿತದ ಅರ್ಥದಲ್ಲಿ ಮಾತ್ರ ಬಳಸಲಾಗಿದೆ. ಕೊಟ್ಟದ್ದಕ್ಕೆ ತಕ್ಕಂತೆ ಒಂದೇ ಒಂದು ಫಲವನ್ನು, ಎಷ್ಟು ಸಲ ಕೇಳಿದರೂ ಅದೇ ಫಲವನ್ನು ಕೊಡುವ ನಿಯಮವೇ ಫಂಕ್ಷನ್.

ಸಾಮಾನ್ಯ ಪ್ರೋಗ್ರಾಮ್ ಆಜ್ಞೆಗಳ ಸರಣಿಯಾಗಿರುತ್ತದೆ: ಇದನ್ನು ಇಲ್ಲಿಡು, ಅದಕ್ಕೆ ಒಂದು ಕೂಡಿಸು, ಹಳೆಯದನ್ನು ಅಳಿಸಿ ಹೊಸದನ್ನು ಬರೆ. ಯಂತ್ರದ ನೆನಪಿನಲ್ಲಿರುವ ಬೆಲೆಗಳು ಹೆಜ್ಜೆಹೆಜ್ಜೆಗೂ ಬದಲಾಗುತ್ತವೆ. ಫಂಕ್ಷನಲ್ ಪದ್ಧತಿಯಲ್ಲಿ ಹಾಗಲ್ಲ. ಚಿಕ್ಕ ಚಿಕ್ಕ ಫಂಕ್ಷನ್‌ಗಳನ್ನು ವ್ಯಾಖ್ಯಾನಿಸಿ, ಒಂದರ ಫಲವನ್ನು ಇನ್ನೊಂದಕ್ಕೆ ಉಣಿಸಿ, ಇಡೀ ಪ್ರೋಗ್ರಾಮನ್ನು ಒಂದು ದೊಡ್ಡ ಫಂಕ್ಷನ್ನಾಗಿ ಕಟ್ಟಲಾಗುತ್ತದೆ. ಇದರ ಮೂಲ 1930ರ ದಶಕದಲ್ಲಿ ಅಲೊಂಜೊ ಚರ್ಚ್ ರೂಪಿಸಿದ ಲ್ಯಾಮ್ಡಾ ಕಲನದಲ್ಲಿದೆ. ಜಾನ್ ಮೆಕಾರ್ಥಿ 1958ರಲ್ಲಿ ಆರಂಭಿಸಿದ ಲಿಸ್ಪ್ ಭಾಷೆ ಅದನ್ನು ಯಂತ್ರಕ್ಕೆ ಹತ್ತಿರ ತಂದಿತು. ಫೋರ್ಟ್ರಾನ್ ಭಾಷೆಯ ಜನಕ ಜಾನ್ ಬ್ಯಾಕಸ್ 1977ರ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಆಜ್ಞಾಸರಣಿಯ ಪದ್ಧತಿಯನ್ನೇ ಪ್ರಶ್ನಿಸಿ, ಪ್ರೋಗ್ರಾಮುಗಳಿಗೂ ಒಂದು ಬೀಜಗಣಿತ ಬೇಕೆಂದು ವಾದಿಸಿದರು. ತಾವೇ ಕಟ್ಟಿದ ಮನೆಯ ತಳಪಾಯವನ್ನು ಪರೀಕ್ಷೆಗೊಡ್ಡುವ ಇಂತಹ ಧೈರ್ಯ ವಿದ್ವತ್ ವಲಯದಲ್ಲಿ ವಿರಳ. ಮುಂದೆ 1990ರಲ್ಲಿ ಹ್ಯಾಸ್ಕೆಲ್ ಎಂಬ ಶುದ್ಧ ಫಂಕ್ಷನಲ್ ಭಾಷೆ ಪ್ರಕಟವಾಯಿತು. ಇದು ವಿಶ್ವವಿದ್ಯಾಲಯಗಳ ಪಂಡಿತರಿಗಷ್ಟೇ ಸೀಮಿತವಾದ ಸಂಗತಿಯೆಂದು ಭಾವಿಸಬೇಕಾಗಿಲ್ಲ. ಬೆಂಗಳೂರಿನಲ್ಲಿ 2022ರಲ್ಲಿ ಬಳಕೆಗೆ ಬಂದ, ಆಟೋರಿಕ್ಷಾ ಕರೆಯುವ ‘ನಮ್ಮ ಯಾತ್ರಿ’ ಆ್ಯಪ್‌ನ ಹಿನ್ನೆಲೆಯ ವ್ಯವಸ್ಥೆ ಹ್ಯಾಸ್ಕೆಲ್‌ನಲ್ಲಿಯೇ ಬರೆಯಲ್ಪಟ್ಟಿದೆ. ಯಲಹಂಕದಿಂದ ಹೆಬ್ಬಾಳಕ್ಕೆ ಅದರ ಮೂಲಕ ಆಟೋ ಹಿಡಿಯುವವರು, ತಿಳಿದೋ ತಿಳಿಯದೆಯೋ, ಚರ್ಚ್‌ನ ಕಲನದ ಫಲಾನುಭವಿಗಳು.

ಈಗ ಚುಕ್ಕಿಗೆ ಬರೋಣ. ಚುಕ್ಕಿ ಇಡುವಲ್ಲಿ ಎರಡು ಕ್ರಮಗಳು ಪ್ರಧಾನವಾಗಿವೆ. ಒಂದು ಸಾಲಿನ ಚುಕ್ಕಿಗೆ ನೇರವಾಗಿ ಮುಂದಿನ ಸಾಲಿನ ಚುಕ್ಕಿ ಬಂದರೆ ನೇರ ಚುಕ್ಕಿ. ಎರಡು ಚುಕ್ಕಿಗಳ ನಡುವಿನ ಸಂದಿಗೆ ಎದುರಾಗಿ ಬಂದರೆ ಸಂದು ಚುಕ್ಕಿ. ‘ಹದಿನೈದರಿಂದ ಎಂಟು, ಸಂದು ಚುಕ್ಕಿ’ ಎಂದರೆ ನಡುವೆ 15 ಚುಕ್ಕಿಗಳ ಸಾಲು ಇಟ್ಟು, ಅದರ ಮೇಲೆ ಸಂದುಗಳಿಗೆ ಎದುರಾಗಿ 14, ಮೇಲೆ 13, ಹೀಗೆ 8 ಬರುವವರೆಗೆ ಹೋಗಿ ನಿಲ್ಲಿಸುವುದು, ಕೆಳಗೂ ಹಾಗೆಯೇ. ಸಾಲಿಗೆ ಒಂದು ಚುಕ್ಕಿ ಕಡಿಮೆ ಮಾಡಬೇಕೆಂದು ಯಾರೂ ಪ್ರತ್ಯೇಕವಾಗಿ ಹೇಳುವುದಿಲ್ಲ. 15 ಚುಕ್ಕಿಗಳ ನಡುವೆ ಇರುವುದೇ 14 ಸಂದು. ನೇರ ಚುಕ್ಕಿಯಲ್ಲಿ ‘ಏಳರಿಂದ ಒಂದು’ ಎಂದರೆ ಎರಡೂ ತುದಿಗಳಲ್ಲಿ ಒಂದೊಂದು ಬಿಡುತ್ತ 7, 5, 3, 1 ಎಂದು ಇಳಿಯಬೇಕು.

ಈ ಮಾತನ್ನು ಫಂಕ್ಷನಲ್ ಭಾಷೆಯ ರೀತಿಯಲ್ಲಿ ಬರೆಯಬಹುದು. ‘ಮೇಲ್ಭಾಗ’ ಎಂಬ ಫಂಕ್ಷನ್‌ಗೆ ದೊಡ್ಡ ಸಂಖ್ಯೆ, ಚಿಕ್ಕ ಸಂಖ್ಯೆ ಎಂಬ ಎರಡನ್ನು ಕೊಡುತ್ತೇವೆ. ದೊಡ್ಡದು ಚಿಕ್ಕದಕ್ಕೆ ಸಮವಾಗಿದ್ದರೆ ಅಷ್ಟು ಚುಕ್ಕಿಗಳ ಒಂದು ಸಾಲೇ ಅದರ ಫಲ. ಇಲ್ಲದಿದ್ದರೆ ದೊಡ್ಡ ಸಂಖ್ಯೆಯಷ್ಟು ಚುಕ್ಕಿಗಳ ಒಂದು ಸಾಲು, ಅದರ ಮೇಲೆ ಒಂದು ಕಡಿಮೆಯಾದ ಸಂಖ್ಯೆಗೆ ಮತ್ತೆ ಅದೇ ‘ಮೇಲ್ಭಾಗ’. ತನ್ನ ವ್ಯಾಖ್ಯಾನದೊಳಗೆ ತನ್ನನ್ನೇ ಕರೆಯುವ ಇಂತಹ ನಿಯಮಕ್ಕೆ ಪುನರಾವರ್ತೀ ವ್ಯಾಖ್ಯಾನವೆಂದು ಹೆಸರು. ಅದು ಅನಂತವಾಗಿ ಸಾಗದಂತೆ ತಡೆಯುವುದು ನಿಲುಗಡೆಯ ಷರತ್ತು. ಕನ್ನಡದ ಸೂತ್ರದಲ್ಲಿ ಆ ಕೆಲಸವನ್ನು ಮಾಡುವುದು ‘ಎಂಟು ಬರುವವರೆಗೆ’ ಎಂಬಲ್ಲಿಯ ‘ವರೆಗೆ’ ಎಂಬ ಪ್ರತ್ಯಯ. ನಿಲುಗಡೆಯನ್ನು ಬರೆಯಲು ಮರೆತ ಪ್ರೋಗ್ರಾಮ್ ಕೊನೆಯಿಲ್ಲದೆ ಓಡುತ್ತಿರುತ್ತದೆ. ರಂಗೋಲಿಯ ಸೂತ್ರದಲ್ಲಿ ಎರಡನೆಯ ಸಂಖ್ಯೆಯನ್ನು ಬಿಟ್ಟು ಹೇಳಿದವರನ್ನು ಕೇಳುವವರೇ ‘ಎಲ್ಲಿಯವರೆಗೆ?’ ಎಂದು ತಡೆಯುತ್ತಾರೆ.

ಸಂಖ್ಯೆಗಳನ್ನು ಲೆಕ್ಕಿಸಿದಾಗ ಇನ್ನೊಂದು ಸಂಗತಿ ಹೊರಬೀಳುತ್ತದೆ. 15ರಿಂದ 8ರವರೆಗಿನ ಸಂದು ಚುಕ್ಕಿಯಲ್ಲಿ ಒಟ್ಟು 169 ಚುಕ್ಕಿಗಳಿವೆ. 15ರಿಂದ 1ರವರೆಗೆ ಹೋದರೆ 225. ಆಗ ದೊರೆಯುವುದು ವಜ್ರಾಕೃತಿ. 8ಕ್ಕೆ ನಿಲ್ಲಿಸಿದಾಗ ಆರು ಬದಿಗಳಲ್ಲಿಯೂ ಎಂಟೆಂಟು ಚುಕ್ಕಿಗಳಿರುವ ಷಡ್ಭುಜ ಸಿದ್ಧವಾಗುತ್ತದೆ. ಸಂದು ಚುಕ್ಕಿಯ ಪ್ರಚಲಿತ ಜೋಡಿಗಳಾದ 15–8, 13–7, 11–6, 9–5, 7–4 ಇವುಗಳನ್ನು ಗಮನಿಸಿದರೆ, ಮೊದಲ ಸಂಖ್ಯೆಗೆ ಒಂದು ಕೂಡಿಸಿ ಅರ್ಧ ಮಾಡಿದಾಗ ಎರಡನೆಯದು ಬರುತ್ತದೆ. ಸಮಬದಿಯ ಷಡ್ಭುಜಕ್ಕೆ ಬೇಕಾದ ಷರತ್ತು ಇದೇ. ಈ ಜೋಡಿಗಳನ್ನು ಕಂಠಸ್ಥ ಮಾಡಿಕೊಂಡ ಪರಂಪರೆ ಷರತ್ತನ್ನು ಬೀಜಗಣಿತದಲ್ಲಿ ಬರೆದಿಲ್ಲ. ಆದರೆ ಅದನ್ನು ಮೀರಿಯೂ ಇಲ್ಲ.

ಅಂಗಳದಲ್ಲಿ ಷಡ್ಭುಜವಿದ್ದರೆ ಆಕೃತಿಯ ಆರನೆಯ ಒಂದು ಭಾಗವನ್ನು ಬರೆದು ಅದನ್ನೇ ಸುತ್ತ ತಿರುಗಿಸಿ ಪೂರ್ಣಗೊಳಿಸಬಹುದು. ನೇರ ಚುಕ್ಕಿಯ ‘ಏಳರಿಂದ ಒಂದು’ ಆಗಿದ್ದರೆ ಕಾಲುಭಾಗವನ್ನು ಬರೆದು ನಾಲ್ಕು ಸಲ ತಿರುಗಿಸಬೇಕು. ಸಂದು ಚುಕ್ಕಿಯ ಮೇಲೆ ಕಾಲುಸುತ್ತು ತಿರುಗಿಸಲು ಹೊರಟರೆ ಎಳೆ ಚುಕ್ಕಿಗಳಿಗೆ ಹೊಂದುವುದೇ ಇಲ್ಲ. ಯಾವ ಜಾತಿಯ ವಸ್ತುವಿನ ಮೇಲೆ ಯಾವ ಕ್ರಿಯೆ ಸಾಧು, ಯಾವುದು ಅಸಾಧು ಎಂಬ ಈ ವಿವೇಕಕ್ಕೆ ಫಂಕ್ಷನಲ್ ಭಾಷೆಗಳಲ್ಲಿ ‘ಟೈಪ್’ ಎಂದು ಹೆಸರು. ರಾಬಿನ್ ಮಿಲ್ನರ್ 1978ರ ತಮ್ಮ ಪ್ರಬಂಧದಲ್ಲಿ ವಿವರಿಸಿದ ಪದ್ಧತಿಯ ಪ್ರಕಾರ ಪ್ರೋಗ್ರಾಮ್ ಓಡುವ ಮೊದಲೇ ಯಂತ್ರ ಇಂತಹ ಹೊಂದಾಣಿಕೆಯನ್ನು ಪರಿಶೀಲಿಸಿ, ಹೊಂದದ್ದನ್ನು ತಿರಸ್ಕರಿಸುತ್ತದೆ. ‘ಸಂದು ಚುಕ್ಕಿ’ ಎಂಬ ಎರಡು ಪದಗಳು ಸೂತ್ರದ ಟೈಪನ್ನು ಮೊದಲೇ ಘೋಷಿಸುತ್ತವೆ ಎನ್ನಬಹುದು.

ರಚನೆ ಎಂಬ ಮಾತಿನ ಗಣಿತಾರ್ಥವನ್ನು ತಿಳಿಯಲು ರಂಗೋಲಿಗಿಂತ ಸರಳವಾದ ಉದಾಹರಣೆ ಹೂವಿನ ದಂಡೆ. ಮಲ್ಲಿಗೆಯ ದಂಡೆಗೆ ಕನಕಾಂಬರದ ದಂಡೆಯನ್ನು ಗಂಟು ಹಾಕಿ, ಬಳಿಕ ಅದಕ್ಕೆ ಮರುಗದ ದಂಡೆಯನ್ನು ಸೇರಿಸಿದರೂ, ಕನಕಾಂಬರ ಮತ್ತು ಮರುಗಗಳನ್ನು ಮೊದಲು ಸೇರಿಸಿಟ್ಟು ಆಮೇಲೆ ಮಲ್ಲಿಗೆಗೆ ಕಟ್ಟಿದರೂ ಕೊನೆಗೆ ದೊರೆಯುವ ಮಾಲೆ ಒಂದೇ. ಹೂಗಳ ಅನುಕ್ರಮ ಬದಲಾದರೆ ಮಾಲೆ ಬದಲಾಗುತ್ತದೆ. ಗಂಟು ಹಾಕುವ ಸರದಿ ಬದಲಾದರೆ ಬದಲಾಗುವುದಿಲ್ಲ. ಶಾಲಾ ಗಣಿತದಲ್ಲಿ ಇದನ್ನೇ ಸಹವರ್ತನೀಯ ನಿಯಮ ಎನ್ನುತ್ತೇವೆ. ಹೂವಿಲ್ಲದ ಬರಿಯ ದಾರವನ್ನು ಕಟ್ಟಿದರೆ ಮಾಲೆಗೆ ಏನೂ ಸೇರುವುದಿಲ್ಲ; ಅದು ಅನನ್ಯತಾಂಶ. ಈ ಎರಡು ಗುಣಗಳುಳ್ಳ ಕೂಡಿಕೆಗೆ ಗಣಿತಜ್ಞರು ‘ಮೋನಾಯ್ಡ್’ ಎಂದು ಹೆಸರಿಟ್ಟಿದ್ದಾರೆ. ಹೆಸರು ಕಠಿಣ, ಸಂಗತಿ ಸುಲಭ.

ಈ ಸುಲಭ ಸಂಗತಿಯಿಂದ ಪ್ರೋಗ್ರಾಮಿಗೆ ದೊರೆಯುವ ಲಾಭ ಅಲ್ಪವಲ್ಲ. ಸಹವರ್ತನೀಯ ನಿಯಮ ಇರುವೆಡೆ ಕೆಲಸವನ್ನು ತುಂಡುಮಾಡಿ ಬೇರೆಬೇರೆ ಯಂತ್ರಗಳಿಗೆ ಹಂಚಬಹುದು. ಯಾವ ತುಂಡುಗಳು ಮೊದಲು ಮುಗಿದು ಕೂಡಿದರೂ, ಅವುಗಳ ಅನುಕ್ರಮವನ್ನು ಕಾಪಾಡಿದರೆ ಸಾಕು, ಫಲ ಕೆಡುವುದಿಲ್ಲ. ಗೂಗಲ್ ಸಂಸ್ಥೆಯ ಇಬ್ಬರು ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದ ‘ಮ್ಯಾಪ್‌ರೆಡ್ಯೂಸ್’ ಪದ್ಧತಿ ತನ್ನ ಹೆಸರನ್ನೂ ಮೂಲ ಕಲ್ಪನೆಯನ್ನೂ ಲಿಸ್ಪ್ ಪರಂಪರೆಯ ಫಂಕ್ಷನ್‌ಗಳಿಂದ ಪಡೆದಿದೆ. ಸಂಕ್ರಾಂತಿಯಂದು ದೇವಸ್ಥಾನದ ಮುಂದೆ ನಾಲ್ಕಾರು ಮಹಿಳೆಯರು ಕೂಡಿ ದೊಡ್ಡ ರಂಗೋಲಿ ಹಾಕುವಾಗ, ಪ್ರತಿಯೊಬ್ಬರೂ ತಮ್ಮ ಪಾಲನ್ನು ತಮ್ಮ ವೇಗದಲ್ಲಿ ಮುಗಿಸಿದರೂ ಅಂಚುಗಳು ಕೂಡುವುದು ಇದೇ ನಿಯಮದ ಬಲದಿಂದ.

ಆಕೃತಿಗಳನ್ನೇ ಮೌಲ್ಯಗಳಾಗಿ ಪರಿಗಣಿಸಿ ಫಂಕ್ಷನ್‌ಗಳ ಮೂಲಕ ಕಟ್ಟುವ ಪ್ರಯೋಗವನ್ನು ಪೀಟರ್ ಹೆಂಡರ್ಸನ್ 1982ರಲ್ಲಿ ಪ್ರಕಟಿಸಿದರು. ಡಚ್ ಕಲಾವಿದ ಎಷರ್ 1964ರಲ್ಲಿ ರಚಿಸಿದ, ಮೀನುಗಳು ಅಂಚಿನ ಕಡೆಗೆ ಕಿರಿದಾಗುತ್ತ ಹೋಗುವ ‘ಸ್ಕ್ವೇರ್ ಲಿಮಿಟ್’ ಎಂಬ ಮುದ್ರಣಚಿತ್ರವನ್ನು ಅವರು ಪಕ್ಕಕ್ಕಿಡು, ಮೇಲಿಡು, ತಿರುಗಿಸು ಎಂಬಂತಹ ಕೆಲವೇ ಫಂಕ್ಷನ್‌ಗಳಿಂದ ಪುನಾರಚಿಸಿದರು. ಅಲ್ಲಿ ಮುಖ್ಯವಾದದ್ದು ಚಿತ್ರವಲ್ಲ, ಫಂಕ್ಷನ್‌ಗಳ ನಡುವಿನ ನಿಯಮಗಳು. ಎಡಕ್ಕೆ ಗಿಳಿ, ಬಲಕ್ಕೆ ತಾವರೆ ಇರುವ ಆಕೃತಿಯನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಕಾಲುಸುತ್ತು ತಿರುಗಿಸಿದರೆ, ತಿರುಗಿದ ತಾವರೆ ಮೇಲೆ, ತಿರುಗಿದ ಗಿಳಿ ಕೆಳಗೆ ಬರುತ್ತವೆ. ಹಾಗಾದರೆ ಕೂಡಿಸಿ ತಿರುಗಿಸುವುದೂ, ಬೇರೆಬೇರೆಯಾಗಿ ತಿರುಗಿಸಿ ಇನ್ನೊಂದು ಬಗೆಯಲ್ಲಿ ಕೂಡಿಸುವುದೂ ಸಮಾನ. ನಾಲ್ಕು ಕಾಲುಸುತ್ತು ತಿರುಗಿಸಿದರೆ ತಿರುಗಿಸದಿದ್ದಷ್ಟೇ ಫಲ. ಇಂತಹ ಸಮೀಕರಣಗಳು ಕೈಯಲ್ಲಿದ್ದರೆ ಪ್ರೋಗ್ರಾಮನ್ನು ಓಡಿಸಿ ನೋಡದೆಯೇ, ಬೀಜಗಣಿತದ ಪದಗಳನ್ನು ಸರಳಗೊಳಿಸುವಂತೆ, ಸರಳಗೊಳಿಸಬಹುದು. ಗಣಿತ ರಚನೆಗಳು ಫಂಕ್ಷನಲ್ ಪ್ರೋಗ್ರಾಮಿಂಗನ್ನು ರೂಪಿಸುತ್ತವೆ ಎಂಬ ಮಾತಿಗೆ ಇದಕ್ಕಿಂತ ಹೆಚ್ಚಿನ ನಿಗೂಢಾರ್ಥವೇನೂ ಇಲ್ಲ: ಯಾವ ನಿಯಮಗಳು ಸತ್ಯವೆಂದು ಮೊದಲೇ ತಿಳಿದಿದೆಯೋ ಅವುಗಳಿಗೆ ತಕ್ಕಂತೆ ಬಿಡಿಭಾಗಗಳನ್ನು ಆರಿಸಿಕೊಳ್ಳುವುದು.

ಹೆಂಡರ್ಸನ್‌ಗಿಂತ ಮೊದಲೇ, ನಮ್ಮ ನೆರೆಯಲ್ಲಿಯೇ, ಈ ದಿಕ್ಕಿನ ಕೆಲಸ ನಡೆದಿತ್ತು. ತಾಂಬರಂನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಹಾಗೂ ಕಮಲಾ ಕೃತಿವಾಸನ್ 1974ರಲ್ಲಿ ಕೋಲಂಗಳನ್ನು ಚೋಮ್‌ಸ್ಕಿ ಮಾದರಿಯ ವ್ಯಾಕರಣಗಳಿಂದ ಹುಟ್ಟಿಸಬಹುದೆಂದು ತೋರಿಸಿದರು. ಪದಗಳ ಸರಣಿಗೆ ಬದಲು ಸಾಲು–ಕಂಬಗಳಲ್ಲಿ ಹರಡಿದ ಚಿಹ್ನೆಗಳ ಮೇಲೆ ಆ ವ್ಯಾಕರಣ ವರ್ತಿಸುತ್ತದೆ. ಕಂಪ್ಯೂಟರ್ ಚಿತ್ರಭಾಷೆಗಳ ಅಧ್ಯಯನದಲ್ಲಿ ಇದು ಇಂದಿಗೂ ಉಲ್ಲೇಖಗೊಳ್ಳುವ ಕೃತಿ. ಕನ್ನಡದ ರಂಗೋಲಿ ಅಧ್ಯಯನಗಳಲ್ಲಿ ಇದರ ಪ್ರಸ್ತಾಪ ಕಾಣದಿರುವುದು ವಿಷಾದನೀಯ. ಯಲಹಂಕದಂತಹ ಊರಿನಲ್ಲಿ ಕನ್ನಡದ ರಂಗೋಲಿ, ತೆಲುಗಿನ ಮುಗ್ಗು, ತಮಿಳಿನ ಕೋಲಂ ಒಂದೇ ಬೀದಿಯಲ್ಲಿ ಅಕ್ಕಪಕ್ಕದ ಹೊಸ್ತಿಲುಗಳಲ್ಲಿರುವಾಗ, ತಮಿಳುನಾಡಿನ ಸಂಶೋಧನೆಯನ್ನು ಪರಕೀಯವೆಂದು ಬದಿಗಿಡಲು ಕಾರಣವಿಲ್ಲ.

ರಂಗೋಲಿಯ ಗಣಿತದಲ್ಲಿ ಅತ್ಯಂತ ಸೊಗಸಾದ ಭಾಗ ಎಳೆಯದು. ಚುಕ್ಕಿಗಳನ್ನು ಮುಟ್ಟದೆ, ಅವುಗಳನ್ನು ಸುತ್ತುತ್ತ, ತನ್ನನ್ನೇ ದಾಟುತ್ತ ಹೊರಟಲ್ಲಿಗೆ ಮರಳುವ ಬಳ್ಳಿಯಂತಹ ರಂಗೋಲಿಯಲ್ಲಿ ‘ಒಂದೇ ಎಳೆ’ಯಲ್ಲಿ ಮುಗಿಸುವುದು ಮೆಚ್ಚುಗೆಯ ಸಂಗತಿ. ಆಯತಾಕಾರದಲ್ಲಿ ನೇರ ಚುಕ್ಕಿ ಇಟ್ಟು, ಚಾಪೆಯ ಹೆಣಿಗೆಯಂತೆ ಓರೆಯಾಗಿ ಸಾಗುತ್ತ ಅಂಚಿನಲ್ಲಿ ಮಾತ್ರ ಹಿಂತಿರುಗುವ ಎಳೆಯನ್ನು ಬರೆದರೆ ಎಷ್ಟು ಎಳೆಗಳು ಬೇಕಾಗುತ್ತವೆ? ಮೂರು ಸಾಲು, ನಾಲ್ಕು ಕಂಬ ಇದ್ದರೆ ಒಂದೇ ಎಳೆ ಸಾಕು. ನಾಲ್ಕು ಸಾಲು, ನಾಲ್ಕು ಕಂಬ ಇದ್ದರೆ ನಾಲ್ಕು ಎಳೆ. ನಾಲ್ಕು ಸಾಲು, ಆರು ಕಂಬ ಇದ್ದರೆ ಎರಡು. ಸಾಲು ಮತ್ತು ಕಂಬಗಳ ಮಹತ್ತಮ ಸಾಮಾನ್ಯ ಅಪವರ್ತನವೇ ಎಳೆಗಳ ಸಂಖ್ಯೆ. ಮೊಜಾಂಬಿಕ್‌ನ ಗಣಿತಜ್ಞ ಪೌಲಸ್ ಗೆರ್ಡೆಸ್ ಅಂಗೋಲಾದ ಚೊಕ್ವೆ ಜನರ ‘ಸೋನಾ’ ಮರಳುಚಿತ್ರಗಳನ್ನು ಅಧ್ಯಯನ ಮಾಡುವಾಗ ಇದೇ ನಿಯಮವನ್ನು ವಿವರಿಸಿದ್ದಾರೆ. ತಮಿಳು ಕೋಲಂಗಳ ಮೇಲೂ ಅವರ ಬರಹವಿದೆ.

ಇದರ ಕಾರಣ ಕೈಯಲ್ಲಿಯೇ ಇದೆ. ನಾಲ್ಕು–ಆರರ ಆಯತದಿಂದ ನಾಲ್ಕು–ನಾಲ್ಕರ ಚೌಕವೊಂದನ್ನು ಕಳೆದರೆ ನಾಲ್ಕು–ಎರಡು ಉಳಿಯುತ್ತದೆ. ಅದರಿಂದ ಎರಡು–ಎರಡರ ಚೌಕ ಕಳೆದರೆ ಎರಡು–ಎರಡು ಉಳಿಯುತ್ತದೆ. ಪ್ರತಿ ಸಲವೂ ಆಯತ ಕಿರಿದಾಗುತ್ತದೆ, ಎಳೆಗಳ ಸಂಖ್ಯೆ ಮಾತ್ರ ಬದಲಾಗುವುದಿಲ್ಲ. ಕೊನೆಗೆ ಚೌಕವೇ ಉಳಿದಾಗ ಅದರ ಬದಿಯಷ್ಟು ಎಳೆಗಳು. ಫಂಕ್ಷನಲ್ ಪ್ರೋಗ್ರಾಮಿಂಗ್ ಕಲಿಯುವವರು ಮೊದಮೊದಲು ಬರೆಯುವ ಫಂಕ್ಷನ್‌ಗಳಲ್ಲಿ ಇದೂ ಒಂದು: ಎರಡು ಸಂಖ್ಯೆಗಳು ಸಮವಾಗಿದ್ದರೆ ಅದೇ ಉತ್ತರ, ಇಲ್ಲದಿದ್ದರೆ ದೊಡ್ಡದರಿಂದ ಚಿಕ್ಕದನ್ನು ಕಳೆದು ಮತ್ತೆ ಅದೇ ಪ್ರಶ್ನೆ. ಗ್ರೀಕರಲ್ಲಿ ಯೂಕ್ಲಿಡ್, ನಮ್ಮಲ್ಲಿ 499ರ ಆರ್ಯಭಟೀಯದ ಕುಟ್ಟಕ ಈ ಪರಸ್ಪರ ಭಾಗಾಹಾರವನ್ನೇ ಆಧರಿಸಿವೆ. ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ರಚಿಸಿದ ಗಣಿತಸಾರಸಂಗ್ರಹದಲ್ಲಿ ಇದರ ಒಂದು ಪ್ರಕಾರಕ್ಕೆ ವಲ್ಲಿಕಾ ಕುಟ್ಟೀಕಾರ ಎಂಬ ಹೆಸರಿದೆ. ಲಬ್ಧಗಳನ್ನು ಬಳ್ಳಿಯಂತೆ ಒಂದರ ಕೆಳಗೊಂದು ಬರೆಯುವುದರಿಂದ ಬಂದ ಹೆಸರದು. ಪದ್ಮಾವತಮ್ಮ ಅವರ ಕನ್ನಡ ಅನುವಾದದೊಂದಿಗೆ ಆ ಗ್ರಂಥ 2000ದಲ್ಲಿ ಹೊಂಬುಜದಿಂದ ಪ್ರಕಟವಾಗಿದೆ. ಗಣಿತದ ಬಳ್ಳಿಗೂ ರಂಗೋಲಿಯ ಬಳ್ಳಿಗೂ ಚಾರಿತ್ರಿಕ ಸಂಬಂಧವಿದೆಯೆಂದು ಹೇಳಲು ಆಧಾರವಿಲ್ಲ. ಹೆಸರಿನ ಸಾಮ್ಯವನ್ನು ನೆಚ್ಚಿ ‘ನಮ್ಮ ಅಜ್ಜಿಯರಿಗೆ ಎಲ್ಲ ಗಣಿತವೂ ತಿಳಿದಿತ್ತು’ ಎಂದು ಘೋಷಿಸುವ ಉತ್ಸಾಹ ನಮ್ಮ ಕ್ಷೇತ್ರಕ್ಕೆ ಈಗಾಗಲೇ ಸಾಕಷ್ಟು ಹಾನಿ ಮಾಡಿದೆ.

ತಿಳಿದಿದ್ದದ್ದು ಬೇರೆ. ಎಳೆ ನಾಲ್ಕಾಗಿ ಒಡೆದಾಗ ಅದನ್ನು ಒಂದಾಗಿಸುವ ಉಪಾಯ ರಂಗೋಲಿ ಹಾಕುವವರ ಕೈಯಲ್ಲಿದೆ. ಎರಡು ಭಿನ್ನ ಎಳೆಗಳು ದಾಟುವ ಒಂದು ಎಡೆಯಲ್ಲಿ ದಾಟುವಿಕೆಯನ್ನು ಬಿಡಿಸಿ, ಎಳೆಗಳು ಪರಸ್ಪರ ಬೆನ್ನು ತೋರಿಸಿ ತಿರುಗುವಂತೆ ಮಾಡಿದರೆ ಎರಡೂ ಕೂಡಿ ಒಂದಾಗುತ್ತವೆ. ನಾಲ್ಕು ಎಳೆಗಳ ಚೌಕದಲ್ಲಿ ಸರಿಯಾಗಿ ಆರಿಸಿದ ಮೂರು ಎಡೆಗಳಲ್ಲಿ ಹೀಗೆ ಮಾಡಿದರೆ ಒಂದೇ ಎಳೆ ಉಳಿಯುತ್ತದೆ. ಒಂದೇ ಎಳೆ ತನ್ನನ್ನು ತಾನೇ ದಾಟುವ ಕಡೆ ಬಿಡಿಸಿದರೆ ಅದು ಎರಡಾಗಿಬಿಡುವ ಅಪಾಯವಿದೆ. ಎಲ್ಲಿ ಬಿಡಿಸಬೇಕೆಂಬುದು ಬೆರಳಿನ ಅನುಭವ. ಯಾಕೆ ಕೂಡುತ್ತದೆಂಬುದು ಗಣಿತ.

ಮೌಖಿಕ ಪರಂಪರೆಯ ಗಣಿತ ಅಂಗಳದಲ್ಲಿ ಮಾತ್ರವಲ್ಲ, ಬೀಸುವ ಕಲ್ಲಿನ ಬಳಿಯೂ ಇದೆ. ಫಂಕ್ಷನಲ್ ಭಾಷೆಗಳಲ್ಲಿ ದತ್ತವನ್ನು ಎರಡು ರೀತಿಯಲ್ಲಿ ಕಟ್ಟಲಾಗುತ್ತದೆ. ‘ಇದೂ ಬೇಕು, ಅದೂ ಬೇಕು’ ಎಂಬಲ್ಲಿ ಸಾಧ್ಯತೆಗಳು ಗುಣಿಸಲ್ಪಡುತ್ತವೆ. ‘ಇದು ಅಥವಾ ಅದು’ ಎಂಬಲ್ಲಿ ಕೂಡಲ್ಪಡುತ್ತವೆ. ಕನ್ನಡ ಛಂದಸ್ಸಿನ ಎರಡು ಗಣಪದ್ಧತಿಗಳು ಈ ಎರಡಕ್ಕೂ ನಿದರ್ಶನ. ದೇಸಿಯಾದ ಅಂಶಗಣದಲ್ಲಿ ಮೊದಲ ಅಂಶ ಒಂದು ಗುರು ಅಥವಾ ಎರಡು ಲಘು, ಮುಂದಿನ ಪ್ರತಿ ಅಂಶ ಒಂದು ಗುರು ಅಥವಾ ಒಂದು ಲಘು. ಒಂದೊಂದು ಅಂಶಕ್ಕೂ ಎರಡೆರಡು ಆಯ್ಕೆ. ಆದ್ದರಿಂದ ಎರಡು ಅಂಶಗಳ ಬ್ರಹ್ಮಗಣಕ್ಕೆ 4, ಮೂರರ ವಿಷ್ಣುಗಣಕ್ಕೆ 8, ನಾಲ್ಕರ ರುದ್ರಗಣಕ್ಕೆ 16 ರೂಪಗಳು. ಮಾತ್ರಾಗಣದಲ್ಲಿ ಹಾಗಲ್ಲ. ಗಣ ಲಘುವಿನಿಂದ ಮೊದಲಾದರೆ ಒಂದು ಮಾತ್ರೆ ಕಡಿಮೆಯಾದ ಗಣ ಉಳಿಯುತ್ತದೆ, ಗುರುವಿನಿಂದ ಮೊದಲಾದರೆ ಎರಡು ಮಾತ್ರೆ ಕಡಿಮೆಯಾದದ್ದು ಉಳಿಯುತ್ತದೆ. ಎರಡರ ರೂಪಗಳನ್ನೂ ಕೂಡಬೇಕು. ಹೀಗಾಗಿ ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳಿಗೆ ಕ್ರಮವಾಗಿ 3, 5, 8 ರೂಪಗಳು. ಪುನರಾವರ್ತೀ ವ್ಯಾಖ್ಯಾನಕ್ಕೆ ಪ್ರೋಗ್ರಾಮಿಂಗ್ ಪಠ್ಯಗಳು ಫಿಬೊನಾಚಿ ಹೆಸರಿನಲ್ಲಿ ಕೊಡುವ ಉದಾಹರಣೆ ಇದೇ. ಭಾರತದಲ್ಲಿ ವಿರಹಾಂಕನೂ 12ನೆಯ ಶತಮಾನದಲ್ಲಿ ಹೇಮಚಂದ್ರನೂ ಇದನ್ನು ಎದುರುಗೊಂಡದ್ದು ಛಂದಸ್ಸಿನ ಪ್ರಶ್ನೆಯಾಗಿ.

ತ್ರಿಪದಿಯ ಹನ್ನೊಂದು ಗಣಗಳಲ್ಲಿ ಆರನೆಯದು ಮತ್ತು ಹತ್ತನೆಯದು ಬ್ರಹ್ಮಗಣ, ಉಳಿದ ಒಂಬತ್ತು ವಿಷ್ಣುಗಣ. ಗುಣಿಸಿದರೆ ಸಾಧ್ಯವಿರುವ ಲಘು–ಗುರು ವಿನ್ಯಾಸಗಳು 214 ಕೋಟಿ 74 ಲಕ್ಷ 83 ಸಾವಿರದ 648. ಇದು ಎರಡನ್ನು ಮೂವತ್ತೊಂದು ಸಲ ಗುಣಿಸಿದ ಮೊತ್ತ. ಹಾಡುವವರು ಇವುಗಳಲ್ಲಿ ಬಳಸುವುದು ಅತ್ಯಲ್ಪ ಭಾಗವನ್ನು. ಜೊತೆಗೆ ಹಾಡುವಾಗ ಅಕ್ಷರಗಳನ್ನು ಎಳೆದೂ ಮೊಟಕುಗೊಳಿಸಿಯೂ ಲಕ್ಷಣವನ್ನು ಮೀರುತ್ತಾರೆ. ಲಕ್ಷಣ ಸಾಧ್ಯತೆಯ ಎಲ್ಲೆಯನ್ನು ಹೇಳುತ್ತದೆ, ಹಾಡನ್ನಲ್ಲ.

ಈ ಕೊನೆಯ ಮಾತು ರಂಗೋಲಿಗೂ ಅನ್ವಯಿಸುತ್ತದೆ. ಸೂತ್ರವೇ ಸರ್ವಸ್ವವಾದರೆ ಬೆಳಗಿನ ನೀರು ಚಿಮುಕಿಸುವಿಕೆ, ಸಗಣಿ ಸಾರಿಸಿದ ನೆಲ, ಧನುರ್ಮಾಸದ ಚಳಿ, ಸೂತಕದ ದಿನಗಳಲ್ಲಿ ಖಾಲಿ ಬಿಟ್ಟ ಹೊಸ್ತಿಲು ಇವುಗಳಿಗೆಲ್ಲ ಸ್ಥಾನವೆಲ್ಲಿ? ರಚನಾವಾದದ ವಿರುದ್ಧ ಪ್ರದರ್ಶನಕೇಂದ್ರಿತ ಅಧ್ಯಯನಕಾರರು 1970ರ ದಶಕದಿಂದ ಎತ್ತಿದ ಆಕ್ಷೇಪ ಇದೇ. ಕುತೂಹಲದ ಸಂಗತಿಯೆಂದರೆ ಶುದ್ಧ ಫಂಕ್ಷನಲ್ ಭಾಷೆಗಳೂ ಇದೇ ಬಿಕ್ಕಟ್ಟನ್ನು ಎದುರಿಸಿದವು. ಫಂಕ್ಷನ್ ಯಾವಾಗಲೂ ಒಂದೇ ಫಲ ಕೊಡಬೇಕು. ಆದರೆ ಲೋಕ ಹಾಗಿಲ್ಲ. ಬಳಕೆದಾರ ಏನನ್ನು ಒತ್ತುತ್ತಾನೆ, ಆಟೋ ಎಲ್ಲಿದೆ, ಗಡಿಯಾರ ಎಷ್ಟು ತೋರಿಸುತ್ತಿದೆ ಎಂಬುವು ಪ್ರತಿ ಸಲವೂ ಬೇರೆ. ಎವ್ಜೆನಿಯೊ ಮೊಗ್ಗಿ 1989ರಲ್ಲಿ ವರ್ಗ ಸಿದ್ಧಾಂತ ಎಂಬ ಗಣಿತ ಶಾಖೆಯಿಂದ ತಂದ ‘ಮೊನಾಡ್’ ಕಲ್ಪನೆಯನ್ನು ಫಿಲಿಪ್ ವಾಡ್ಲರ್ ಪ್ರೋಗ್ರಾಮಿಂಗ್‌ಗೆ ಅಳವಡಿಸಿದರು. ಅದರ ಮೂಲಕ ಹ್ಯಾಸ್ಕೆಲ್ ಕಂಡುಕೊಂಡ ಪರಿಹಾರ ಇದು: ಲೋಕದೊಡನೆ ವ್ಯವಹರಿಸುವ ಭಾಗವನ್ನು ನಿರಾಕರಿಸುವುದಿಲ್ಲ, ಶುದ್ಧ ಭಾಗದೊಡನೆ ಬೆರೆಸುವುದೂ ಇಲ್ಲ, ಅದರ ಟೈಪಿನಲ್ಲಿಯೇ ‘ಇದು ಲೋಕಸಂಪರ್ಕವುಳ್ಳದ್ದು’ ಎಂಬ ಗುರುತು ಹಚ್ಚಿ, ಹೆಜ್ಜೆಗಳ ಅನುಕ್ರಮವನ್ನು ಉಳಿಸಿಕೊಳ್ಳುತ್ತದೆ. ಆಲನ್ ಡಂಡೆಸ್ 1964ರಲ್ಲಿ ಪಠ್ಯ, ಹೆಣಿಗೆ, ಸಂದರ್ಭ ಎಂದು ಮೂರನ್ನು ಬೇರ್ಪಡಿಸಿ, ಮೂರನ್ನೂ ದಾಖಲಿಸಬೇಕೆಂದು ಹೇಳಿದ್ದು ಇದಕ್ಕೆ ದೂರವಾದ ಮಾತಲ್ಲ.

ನಮ್ಮ ದಾಖಲಾತಿ ಈ ಎರಡು ಕಡೆಯೂ ಸೋತಿದೆ ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ. ಯಲಹಂಕ ಉಪನಗರದ ಮತ್ತು ಹೆಬ್ಬಾಳದ ಅಪಾರ್ಟ್‌ಮೆಂಟುಗಳ ಬಾಗಿಲುಗಳಲ್ಲಿ ಇಂದು ಪ್ಲಾಸ್ಟಿಕ್ ಸ್ಟಿಕ್ಕರ್ ರಂಗೋಲಿಗಳು ಅಂಟಿಕೊಂಡಿವೆ. ಅವುಗಳನ್ನು ದೂಷಿಸುವುದು ಸುಲಭ. ಒರೆಸುವ ಟೈಲ್ಸ್ ನೆಲದ ಕಾರಿಡಾರಿನಲ್ಲಿ ಪುಡಿ ಚೆಲ್ಲಲು ಅನುಮತಿಯಿಲ್ಲದ ಗೃಹಿಣಿ ಬೇರೇನು ಮಾಡಬೇಕು? ಆದರೆ ಸ್ಟಿಕ್ಕರಿನಲ್ಲಿ ಫಲ ಮಾತ್ರ ಇದೆ, ಸೂತ್ರವಿಲ್ಲ. ಏಳು ಚುಕ್ಕಿಯ ಸ್ಟಿಕ್ಕರಿನಿಂದ ಹದಿನೈದು ಚುಕ್ಕಿಯ ರಂಗೋಲಿ ಬೆಳೆಯಲಾರದು. ಛಾಯಾಚಿತ್ರಗಳಿಂದ ತುಂಬಿದ ನಮ್ಮ ಸಂಪುಟಗಳೂ ಈ ಅರ್ಥದಲ್ಲಿ ಸ್ಟಿಕ್ಕರುಗಳೇ. ಚುಕ್ಕಿ–ಎಳೆಗಳ ಅನುಕ್ರಮ ತಿಳಿಯದಿದ್ದರೆ, ಪೂರ್ಣಗೊಂಡ ಆಕೃತಿಯಿಂದ ಹಿಂದಕ್ಕೆ ಹೋಗಿ ಸೂತ್ರವನ್ನು ಊಹಿಸಬೇಕಾಗುತ್ತದೆ. ಒಂದೇ ಆಕೃತಿಗೆ ಹಲವು ಸೂತ್ರಗಳು ಸಾಧ್ಯವಿರುವುದರಿಂದ ಆ ಊಹೆಗೆ ಖಚಿತತೆ ಬರುವುದಿಲ್ಲ.

ಆದ್ದರಿಂದ ಒಂದೊಂದು ರಂಗೋಲಿಗೂ ಚಿತ್ರದ ಜೊತೆಗೆ ಹೇಳಿದವರ ಮಾತಿನಲ್ಲಿಯೇ ಚುಕ್ಕಿಯ ಸೂತ್ರ, ಮೂಲ ತುಂಡು ಯಾವುದು, ಅದನ್ನು ತಿರುಗಿಸಲಾಯಿತೋ ಮಗುಚಲಾಯಿತೋ, ಎಳೆ ಎಲ್ಲಿ ಮೊದಲಾಗಿ ಯಾವ ಕ್ರಮದಲ್ಲಿ ಸಾಗಿತು, ಎಷ್ಟು ಎಳೆಗಳಲ್ಲಿ ಮುಗಿಯಿತು, ಎಲ್ಲಿ ಬಿಡಿಸಿ ಕೂಡಿಸಲಾಯಿತು ಎಂಬ ವಿವರಗಳು ಬೇಕು. ದಿನ, ನೆಲ, ಪುಡಿ, ಸಂದರ್ಭ, ನಿಷೇಧಗಳನ್ನು ಇವುಗಳೊಡನೆ ಬೆರೆಸದೆ ಬೇರೆಯಾಗಿ ಬರೆಯಬೇಕು. ಗೋಟಗೋಡಿಯ ಕರ್ನಾಟಕ ಜಾನಪದ ವಿಶ್ವವಿದ್ಯಾಲಯದಂತಹ ಸಂಸ್ಥೆಗಳು ಕ್ಷೇತ್ರಕಾರ್ಯದ ನಮೂನೆಯಲ್ಲಿ ಈ ಅಂಶಗಳನ್ನು ಸೇರಿಸಿದರೆ ವೆಚ್ಚವೇನೂ ಹೆಚ್ಚುವುದಿಲ್ಲ. ಯಲಹಂಕದಲ್ಲಿಯೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅನ್ವಯಿಕ ಗಣಿತ ಕೇಂದ್ರವಿದೆ. ಗಣಿತದವರ ಸಹಕಾರ ದೊರೆಯದಷ್ಟು ದೂರದಲ್ಲಿ ನಾವಿಲ್ಲ.

ಒಂದು ಪ್ರಶ್ನೆಯಲ್ಲಿ ಮಾತ್ರ ಜಾನಪದ ಸಂಶೋಧಕ ಪ್ರೋಗ್ರಾಮರನಿಂದ ಬೇರೆಯಾಗಬೇಕಾಗುತ್ತದೆ. ಗಣಿತದಲ್ಲಿ ಎಲ್ಲ ಸಂದರ್ಭಗಳಲ್ಲಿಯೂ ಒಂದೇ ಫಲ ಕೊಡುವ ಎರಡು ಫಂಕ್ಷನ್‌ಗಳು ಒಂದೇ ಫಂಕ್ಷನ್. ಆದ್ದರಿಂದಲೇ ಕಂಪೈಲರ್ ಒಂದರ ಜಾಗದಲ್ಲಿ ಹೆಚ್ಚು ವೇಗದ ಇನ್ನೊಂದನ್ನು ನಿಶ್ಚಿಂತೆಯಿಂದ ಇರಿಸುತ್ತದೆ. ನಡುವಿನ ಚುಕ್ಕಿಯಿಂದ ಹೊರಗೆ ಬೆಳೆಸುತ್ತ ಹೋಗುವವರೂ, ಕಾಲುಭಾಗ ಬರೆದು ತಿರುಗಿಸುವವರೂ ಅದೇ ಆಕೃತಿಯನ್ನು ತಲುಪಬಹುದು. ಕಂಪೈಲರಿಗೆ ಅವು ಎರಡಲ್ಲ. ನಮ್ಮ ಸಂಗ್ರಹದಲ್ಲಿ ಅವು ಎರಡು ಪ್ರತ್ಯೇಕ ನಮೂದುಗಳಾಗಿಯೇ ಇರಬೇಕು. ಮೊದಲನೆಯದನ್ನು ತಾಯಿಯಿಂದಲೂ ಎರಡನೆಯದನ್ನು ನೆರೆಯ ತಮಿಳು ಮನೆಯಿಂದಲೂ ಕಲಿತ ಒಬ್ಬಾಕೆಯೇ ಎರಡನ್ನೂ ಹಾಕಿದ್ದರೂ ಕೂಡ.